ಕುಣಿತದ ಕ್ಲಾಸಿಗೆ ಬರುವ ಅಜ್ಜಿ

ನಿಜಾಮರ ಆಳ್ವಿಕೆ ಹೋದ ಮರುವರ್ಷ ಬೀದರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನೃತ್ಯದ ಕ್ಲಾಸು ಶುರುವಾದಾಗ, ಮೊಮ್ಮಗಳು ಶೇವಂತಾಳ ಜೊತೆ ಪುತಳಾಬಾಯಿಯೂ ಬಂದು ಗೋಡೆಗೆ ಒರಗಿ ಕೂತಳು. ಬಾಯಲ್ಲಿ ಎಲೆ-ಅಡಿಕೆ, ಕಣ್ಣು ಮಾತ್ರ ಬಾಗಿಲ ಮೇಲೆ. ಮೊದಲ ವಾರವಂತೂ ಮೊಮ್ಮಗಳ ಓಢಣಿಯ ತುದಿ ಬಿಡಲಿಲ್ಲ. ಹುಡುಗಿ ಸುತ್ತು ಹಾಕಿದರೆ ಅಜ್ಜಿಯೂ ಹಿಂದೆ ಹಿಂದೆ ಸುತ್ತುತ್ತಿದ್ದಳು. “ನಿಮ್ಮ ಹೆಸರೂ ಹಾಜರಿಯೊಳಗ ಬರೀಲೇನ್ರಿ ಅಜ್ಜಿ?” ಎಂದು ಕಾಂತಾಬಾಯಿ ಟೀಚರು ಕೆಣಕಿದರೆ, “ಬರೀರಿ ಬಾಯಿ, ನಿಮ್ಮ ಪೋರಿಗೋಳಕಿಂತ ಛಲೋ ಕುಣೀತೇನಿ” ಎನ್ನುವಳು. ಆದರೆ ಹೊರಡುವಾಗ ದಿನವೂ ಅದೇ ಮಾತು: “ನಾಳಿಂದ ಈ ಕುಣತ ಬ್ಯಾಡವ್ವ, ಮನ್ಯಾಗ ಇರು.” ಶೇವಂತಾಳ ಮುಖ ದಿನವೂ ಬಾಡುವುದು. ಹಿಂದಿನ ವರ್ಷ ನಿಜಾಮರ ಕಡೆಯ ರಜಾಕಾರರು ಊರೂರು ಸುಲಿಯುತ್ತಿದ್ದ ಗದ್ದಲದಲ್ಲಿ ಸಂತಪುರದ ಜೋಳದ ಹೊಲದೊಳಗೆ ಈ ಮೊಮ್ಮಗಳ ಬಾಯಿಗೆ ಕೈ ಒತ್ತಿ, ಉಸಿರು ಬಿಗಿಹಿಡಿದು ಅಡಗಿದ್ದವಳು ಆಕೆ. ಅಂದಿನಿಂದ ಸದ್ದಡಗಿದರೆ ಸಾಕು, ಬೆಚ್ಚಿ ಎದ್ದು ಬಾಗಿಲ ಕಡೆ ನೋಡುವಳು. ನಿದ್ದೆಯೆಂಬುದು ಹತ್ತಿರ ಸುಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಶಾಲೆ ಬಿಡುವ ಗಂಟೆ ಹೊಡೆಯಿತು. ಕುಣಿತಕ್ಕೆ ತಾಳ ಕೊಡುತ್ತಿದ್ದ ಉಸ್ತಾದರು ತಬಲಾದಿಂದ ಕೈ ತೆಗೆಯಲಿದ್ದರು. “ಬಿಡಬ್ಯಾಡ್ರಿ ಉಸ್ತಾದ್, ಬಾರಸ್ರಿ” ಎಂದಳು ಶೇವಂತಾ, ಮೆಲ್ಲಗೆ. “ಅಜ್ಜಿಗಿ ನಿದ್ದಿ ಹತ್ಯಾದ.” ಅಜ್ಜಿ ಬಾಗಿಲಿಗೆ ಬೆನ್ನು ಹಾಕಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಶಾಲೆಯೆಲ್ಲ ಖಾಲಿಯಾದರೂ ಹುಡುಗಿಯರು ಕುಣಿಯುತ್ತಲೇ ಇದ್ದರು.