ಎರಡನೇ ಸಲ ಸುರಿದ ನೀರು

ಧರಣೇಂದ್ರಯ್ಯನವರ ವಿಡಿಯೋ ಇಲ್ಲದೆ ಮದುವೆಯಾದವರಿಗೆ ತಮಗೆ ಮದುವೆ ಆಗಿದೆಯೋ ಇಲ್ಲವೋ ಎಂದು ಅನುಮಾನ ಬರುತ್ತಿದ್ದ ಕಾಲವೊಂದು ಚನ್ನರಾಯಪಟ್ಟಣದಲ್ಲಿತ್ತು. ಅವರ ಸ್ಟುಡಿಯೋ ಪಕ್ಕದ್ದೇ ನನ್ನ ಹೊಲಿಗೆ ಅಂಗಡಿ. ಮದುವಣಗಿತ್ತಿಯ ರವಿಕೆ ನನ್ನ ಪಾಲು, ಮುಖ ಅವರ ಪಾಲು. ಹೀಗೆ ವರ್ಷಗಟ್ಟಲೆ ಒಂದೇ ಗೋಡೆಯ ಆಚೆ ಈಚೆ ಕೂತು ಊರಿನ ಮದುವೆಗಳನ್ನು ಹಂಚಿಕೊಂಡು ಬದುಕಿದವರು ನಾವು.

ಅವರು ಬೆಳಗೊಳದ ಕಡೆಯ ಜೈನರು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಆರತಕ್ಷತೆಗೆ ಹೋದರೆ ಹಸಿದುಕೊಂಡೇ ಬರುತ್ತಿದ್ದರು. "ಎದುರಿಗೆ ಹೋಳಿಗೆ ಇದ್ದೂ ಉಪವಾಸ ಬೀಳೋ ಕರ್ಮ ನಿಮಗೊಬ್ಬರಿಗೇ" ಎಂದು ರೇಗಿಸಿದರೆ, "ಹೋಳಿಗೆ ಕ್ಯಾಸೆಟ್ಟಲ್ಲಿದೆ ಹಂಸಮ್ಮ, ಎಲ್ಲೂ ಹೋಗಲ್ಲ" ಎಂದು ನಗುತ್ತಿದ್ದರು. ಇರುವೆ ಸಾಲು ಕಂಡರೆ ಸ್ಟ್ಯಾಂಡ್ ಎತ್ತಿ ಆಚೆ ಇಡುವ ಪ್ರಾಣಿ. ಆದರೆ ಕ್ಯಾಮೆರಾ ಹೆಗಲಿಗೇರಿತೆಂದರೆ ಪುರೋಹಿತರೂ ಅವರ ಮಾತು ಕೇಳಬೇಕು. ತಾಳಿ ಕಟ್ಟುವಾಗ ಯಾರದೋ ತಲೆ ಅಡ್ಡ ಬಂತೇ, "ಇನ್ನೊಂದ್ಸಲ." ಧಾರೆಯ ಹೊತ್ತಿಗೆ ಹುಡುಗಿಯ ತಾಯಿ ಬೆನ್ನು ತಿರುಗಿಸಿ ನಿಂತಳೇ, "ಅಮ್ಮಾ, ಇನ್ನೊಂದ್ಸಲ ಹುಯ್ಯಿ, ಮುಖ ಈ ಕಡೆ." ಆಗೆಲ್ಲ ನಮ್ಮಲ್ಲಿ ಪ್ರತಿ ಶಾಸ್ತ್ರವೂ ದೇವರಿಗೊಂದು ಸಲ, ವಿಡಿಯೋಗೊಂದು ಸಲ ನಡೆಯುತ್ತಿತ್ತು. ಅದು ಸುಳ್ಳು ಎಂದು ಯಾರಿಗೂ ಅನಿಸಿರಲಿಲ್ಲ.

ತೊಂಬತ್ತೊಂಬತ್ತರ ಬೇಸಿಗೆ. ನುಗ್ಗೇಹಳ್ಳಿಯಲ್ಲಿ ಮದುವೆ ಮುಗಿಸಿಕೊಂಡು, ಬೆಳಕಿರುವಾಗಲೇ ಮನೆ ಸೇರಿ ಊಟ ಮಾಡಬೇಕೆಂದು ಅವರು ಸ್ಕೂಟರಿನಲ್ಲಿ ಬರುತ್ತಿದ್ದರು. ದಾರಿಯಲ್ಲಿ ನಾಲೆಯ ತೂಬಿನ ಹತ್ತಿರ ಗಲಾಟೆ. ಕೆಳಗಿನ ಊರಿನವರು ತೂಬು ಎತ್ತಿ ಎನ್ನುತ್ತಾರೆ, ಮೇಲಿನ ತೋಟಗಳಿಗೆಲ್ಲ ಯಜಮಾನನಾದ ಒಬ್ಬ ಕಂಟ್ರಾಕ್ಟರನ ಆಳುಗಳು ದೊಣ್ಣೆ ಹಿಡಿದು ನಿಂತಿದ್ದಾರೆ. ಕಣ್ಣೆದುರಿಗೇ ಒಬ್ಬ ದೊಣ್ಣೆ ಬೀಸಿದ. ಕೆಳಗಿನ ಊರಿನ ಪಾಲಾಕ್ಷ ಎಂಬ ಹುಡುಗ ಏರಿಯ ಮೇಲೆ ಬಿದ್ದ. ಹೊಲದಲ್ಲಿದ್ದ ಅವನ ತಾಯಿ ಲಕ್ಕಮ್ಮ ಚೊಂಬು ಹಿಡಿದು ಓಡಿಬಂದು ಬಾಯಿಗೆ ನೀರು ಹಾಕಿದಳು. ಧರಣೇಂದ್ರಯ್ಯನವರು ಯಾವಾಗ ಕ್ಯಾಮೆರಾ ತೆಗೆದರೋ ಅವರಿಗೇ ತಿಳಿಯದು. ಅಂತೂ ತೆಗೆದರು. ಹುಡುಗ ಅಲ್ಲೇ ಪ್ರಾಣ ಬಿಟ್ಟ.

ಟೇಪನ್ನು ತಿರುಗಿ ನೋಡುವ ಧೈರ್ಯ ಅವರಿಗಿರಲಿಲ್ಲ, ರಕ್ತ ಕಂಡರೆ ತಲೆ ಸುತ್ತುತ್ತಿತ್ತು. ಬೆಳಗಾಗುತ್ತಲೇ ಹಾಸನದ ಒಂದು ಕೇಬಲ್ ಆಫೀಸಿಗೆ ಕೊಟ್ಟುಬಂದರು, ಬಿಡಿಗಾಸೂ ಮುಟ್ಟಲಿಲ್ಲ. ಕೇಬಲ್‌ನವರು ಶಬ್ದ ತೆಗೆದು, ಹಿಂದೆ ಶಹನಾಯಿ ಹಾಕಿ ಊರಿಗೆಲ್ಲ ತೋರಿಸಿದರು. ನನ್ನ ಅಂಗಡಿಗೆ ಬಂದ ಹೆಂಗಸರೆಲ್ಲ ಅದನ್ನು ಹೇಳಿಕೊಂಡು ಅತ್ತರು.

ಅಳು ಆರುವ ಮುಂಚೆಯೇ ಒಂದು ವಾರಪತ್ರಿಕೆ ಬಂತು. ಹುಡುಗ ಕುಡಿದು ಏರಿಯಿಂದ ಜಾರಿಬಿದ್ದು ಸತ್ತನಂತೆ. ಆಮೇಲೆ ಮದುವೆ ವಿಡಿಯೋದವನೊಬ್ಬ ತಾಯಿಗೆ ದುಡ್ಡು ಕೊಟ್ಟು, ಹೆಣದ ಬಾಯಿಗೆ ನೀರು ಬಿಡಿಸಿ ನಾಟಕ ಆಡಿಸಿದನಂತೆ. ಆ ಪತ್ರಿಕೆ ಯಾರ ಅನ್ನ ತಿನ್ನುತ್ತಿತ್ತೆಂದು ಎಲ್ಲರಿಗೂ ಗೊತ್ತು. ಆದರೂ ಅಚ್ಚಾದ ಮಾತಿಗೆ ಒಂದು ತೂಕ ಬಂದುಬಿಡುತ್ತದಲ್ಲ, ಹಾಳಾದ್ದು!

ಲಕ್ಕಮ್ಮ ಸ್ಟುಡಿಯೋ ಬಾಗಿಲಿಗೆ ಬಂದು ನಿಂತಳು. "ಸಾ, ಎಷ್ಟು ಕೊಟ್ರಮ್ಮೀ ಅಂತ ಬಾವಿ ತಾವ ಕೇಳ್ತಾವ್ರೆ ಸಾ. ನನ್ ಮಗನ್ ಸಾವು ನಾಟ್ಕವಾ?"

ಕೊಲೆ ಕೇಸನ್ನು ಪೊಲೀಸರು, ಲಕ್ಕಮ್ಮನದಾಗಲಿ ಧರಣೇಂದ್ರಯ್ಯನವರದಾಗಲಿ ಹೇಳಿಕೆ ಬರೆದುಕೊಳ್ಳದೆ, ಸಾಕ್ಷಿಯಿಲ್ಲವೆಂದು ಆಗಲೇ ಮುಚ್ಚಿಹಾಕಿದ್ದರು. ಹುಡುಗ ಹೇಗೆ ಸತ್ತ ಎನ್ನುವುದಕ್ಕೆ ಉಳಿದದ್ದು ಆ ಟೇಪು ಒಂದೇ. ಧರಣೇಂದ್ರಯ್ಯನವರು ಪತ್ರಿಕೆಯ ಮೇಲೆ ಮಾನನಷ್ಟದ ದಾವೆ ಹಾಕಿದರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ನಾನೂ ಹೇಳಿದೆ, ಅವರ ಹೆಂಡತಿ ಜಿನಮ್ಮನೂ ಹೇಳಿದರು. "ನನ್ನ ಮಾನ ಹಾಳಾಗ್ಲಿ ಹಂಸಮ್ಮ. ಆ ತಾಯಿಗೆ ಹೌದಮ್ಮ, ನಿನ್ನ ಮಗನ್ನ ಹೊಡೆದು ಕೊಂದ್ರು ಅಂತ ಒಬ್ಬರಾದ್ರೂ ಬರೆದು ಕೊಡಬೇಕು" ಎಂದರು.

ನಾಲ್ಕು ವರ್ಷ ಎಳೆಯಿತು. ಟೇಪು ಹಾಕುವ ದಿನ ಲಕ್ಕಮ್ಮನಿಗೆ ಜೊತೆಯಿರಲಿ ಎಂದು ನನ್ನನ್ನೂ ಹಾಸನಕ್ಕೆ ಕರೆದುಕೊಂಡು ಹೋದರು. ಎದುರು ವಕೀಲ ಕೇಬಲ್‌ನವರ ಪ್ರತಿ ಬೇಡ, ಅಸಲು ಟೇಪೇ ಬೇಕು ಎಂದು ಹಟ ಹಿಡಿದಿದ್ದ. ಅಷ್ಟು ವರ್ಷ ಕೇಬಲ್ ಆಫೀಸಿನಲ್ಲೇ ಬಿದ್ದಿದ್ದ ಅದನ್ನು ತರಿಸಿ, ಕೋರ್ಟ್ ಹಾಲಿನಲ್ಲಿ ಟಿವಿ ಇಟ್ಟರು. ಮೊದಲ ಬಾರಿಗೆ ನಾವು ಅದನ್ನು ಶಬ್ದದ ಸಮೇತ ನೋಡಿದೆವು.

ದೊಣ್ಣೆ ದೂರದಲ್ಲಿ ಮಸುಕು. ಆಮೇಲೆ ಲಕ್ಕಮ್ಮನ ಬೆನ್ನು. ಮಗನ ಮುಖಕ್ಕೆ ಬಗ್ಗಿ ನೀರು ಹಾಕುತ್ತಿದ್ದಾಳೆ, ಮುಖ ಕಾಣದು. ಆಗ ಟಿವಿಯೊಳಗಿಂದ ನಾನು ನೂರು ಮದುವೆಗಳಲ್ಲಿ ಕೇಳಿದ ಆ ದನಿ, ಅದೇ ಮೆತ್ತಗೆ, ಅದೇ ಮರ್ಯಾದೆಯಿಂದ, "ಅಮ್ಮಾ, ಇನ್ನೊಂದ್ಸಲ ಹುಯ್ಯಿ, ಮುಖ ಈ ಕಡೆ" ಎಂದಿತು. ಲಕ್ಕಮ್ಮ ಗಾಬರಿಯಲ್ಲಿ, ಹೇಳಿದವರು ಯಾರೆಂದೂ ನೋಡದೆ, ಮಗನ ತಲೆಯನ್ನು ಈ ಕಡೆ ಹೊರಳಿಸಿ ಎರಡನೇ ಸಲ ಸುರಿದಳು. ಈ ಸಲ ನೀರು ಒಳಗೆ ಹೋಗಲಿಲ್ಲ, ಕಟವಾಯಿಯಿಂದ ಇಳಿದು ಮಣ್ಣಿಗೆ ಬಿತ್ತು. ಅಷ್ಟರೊಳಗೆ ಜೀವ ಹೋಗಿತ್ತು.

ಅದನ್ನು ಅಂದದ್ದೇ ಧರಣೇಂದ್ರಯ್ಯನವರಿಗೆ ನೆನಪಿರಲಿಲ್ಲ. 

"ಇದು ಯಾರ ದನಿ?" ಎದುರು ವಕೀಲ ಕೇಳಿದ.

ನಮ್ಮ ವಕೀಲರು ಕಣ್ಣು ಮಿಟುಕಿಸಿದರು. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು.

"ನನ್ನದೇ."

"ಯಾಕೆ ಹಾಗೆ ಹೇಳಿದಿರಿ?"

"ಅಭ್ಯಾಸ ಸ್ವಾಮಿ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಆ ನಗು ನನ್ನ ಕಿವಿಯಲ್ಲಿ ಈಗಲೂ ಇದೆ, ಅವನ ಬಾಯಿಗೆ ಮಣ್ಣು ಹಾಕ!

ಲಕ್ಕಮ್ಮನನ್ನು ಕೇಳಿದಾಗ, ಮೊದಲನೇ ಸಲ ಮಗ ಗುಟುಕರಿಸಿದ, ತನ್ನ ಕೈಗೆ ಅವನ ಗಂಟಲು ಅಲ್ಲಾಡಿದ್ದು ಗೊತ್ತಾಯಿತು ಎಂದಳು. ಆದರೆ ಟೇಪಿನಲ್ಲಿ ಅದಕ್ಕೆ ಅವಳ ಬೆನ್ನೇ ಅಡ್ಡ. ಕಂಡದ್ದು ಎರಡನೆಯದು ಮಾತ್ರ.

ತೀರ್ಪು ಬಂತು. ಕ್ಯಾಮೆರಾ ಹಿಡಿದವರೇ ಹೀಗೆ ಮಾಡಿ ಎಂದು ಹೇಳಿ ಮಾಡಿಸಿರುವಾಗ ಪತ್ರಿಕೆಯ ಅನುಮಾನಕ್ಕೆ ಆಧಾರವಿಲ್ಲ ಎನ್ನಲಾಗದು, ದಾವೆ ವಜಾ. ಜಡ್ಜ್ ಸಾಹೇಬರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವರು ತಮಗೆ ಕೇಳಿದ್ದನ್ನು ನಂಬಿದರು. ಕೇಳಿದ್ದು ನಿಜವೇ ಆಗಿತ್ತಲ್ಲ. ಆ ವಾರದ ಪತ್ರಿಕೆಯಲ್ಲಿ ಮಾತ್ರ 'ನಾಟಕ ಎಂದು ಕೋರ್ಟೇ ಒಪ್ಪಿತು' ಎಂದು ದಪ್ಪಕ್ಷರದಲ್ಲಿ ಹಾಕಿಕೊಂಡರು.

ಆಮೇಲೆ ಧರಣೇಂದ್ರಯ್ಯನವರು ಮದುವೆ ಒಪ್ಪಿಕೊಳ್ಳಲಿಲ್ಲ. ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದುಕೊಂಡು ಇದ್ದರು. ಗಿರಾಕಿ ಕಣ್ಣು ಮುಚ್ಚಿದರೂ ತೆಗೆದದ್ದನ್ನೇ ಕೊಟ್ಟು ಕಳಿಸುತ್ತಿದ್ದರು. ಜನ ಬೈದುಕೊಂಡು ಬೇರೆ ಸ್ಟುಡಿಯೋಗೆ ಹೋದರು.

ಎರಡು ಸಾವಿರದ ಆರರಲ್ಲಿರಬೇಕು, ಒಂದು ಮಧ್ಯಾಹ್ನ ಅವರೂ ಜಿನಮ್ಮನೂ ನಾನೂ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಕಂಬದ ಆಚೆ ಲಕ್ಕಮ್ಮ ಕೂತಿದ್ದಳು, ನಮ್ಮನ್ನು ಕಂಡಿರಲಿಲ್ಲ. ಪಕ್ಕದಲ್ಲಿ ಕೂತ ಯಾವುದೋ ಊರಿನ ಹೆಂಗಸು ಮಕ್ಕಳೆಷ್ಟು ಎಂದು ಕೇಳಿದಳು.

"ಒಬ್ಬ ಇದ್ದ ಕಣವ್ವ. ಓಗ್ಬುಟ್ಟ."

"ಏನಾಗಿತ್ತವ್ವಾ?"

"ಕುಡ್ಕಂಡು ಏರಿಯಿಂದ ಜಾರ್ಬುಟ್ಟ."

"ಅಯ್ಯೋ ಪಾಪ" ಎಂದು ಆ ಹೆಂಗಸು ಅವಳ ಬೆನ್ನು ಸವರಿದಳು.

ಧರಣೇಂದ್ರಯ್ಯನವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿ ಕಂಬ ಬಳಸಿ ಹೋದೆ. "ಏನು ಲಕ್ಕಮ್ಮ ಇದು? ಇವರು ನಿನಗೋಸ್ಕರ ಬದುಕು ಕಳಕೊಂಡ್ರು, ನೀನೇ ಹೀಗೆ ಹೇಳ್ತೀಯಾ?"

ಅವಳು ನನ್ನನ್ನೂ ನೋಡಿದಳು, ನೆಲದ ಮೇಲೆ ಕೂತ ಅವರನ್ನೂ ನೋಡಿದಳು. ಜಗಳಕ್ಕೆ ಬರಲಿಲ್ಲ.

"ನಿಜ ಏಳುದ್ರೆ ನಾಟ್ಕ ಅಂತಾರೆ ಕಣ್ರವ್ವ. ಇಂಗಂದ್ರೆ ಅಯ್ಯೋ ಅಂತಾರೆ. ನನ್ ಮಗೀಗೆ ಒಂದು ಅಯ್ಯೋನಾದ್ರೂ ಬ್ಯಾಡ್ವಾ?"