ಹೊಟ್ಟೆಯೊಳಗಿನ ಕಾವಲು

ರಾಯಚೂರಿನಿಂದ ಮಾನ್ವಿ ಮೇಲೆ ಪೋತ್ನಾಳಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಕಲ್ಯಾಣಿಯ ದನಿ ಕೇಳಿದರೆ ಬಾಗಿಲಿಗೆ ಜೋತುಬಿದ್ದ ಕಾಲೇಜು ಹುಡುಗರೂ ಮರುಮಾತಿಲ್ಲದೆ ಒಳಗೆ ಸರಿಯುತ್ತಿದ್ದರು. ಎಂಥ ನೂಕುನುಗ್ಗಲಿದ್ದರೂ ನಿಂತೇ ಟಿಕೆಟ್ ಹರಿಯುವ ಹೆಣ್ಣುಮಗಳು. ಆ ಬೇಸಿಗೆಯಲ್ಲಿ ಮಾತ್ರ ಮಾನ್ವಿ ಬರುವಷ್ಟರಲ್ಲೇ ಕಂಬಿ ಹಿಡಿದು ತನ್ನ ಸೀಟಿನಲ್ಲಿ ಕುಸಿದುಬಿಡುತ್ತಿದ್ದಳು.

"ಯಾಕ ಕಲ್ಯಾಣವ್ವ, ಮಾರಿ ಬೆಳ್ಳಗ ಬಿಳಿಚ್ಯಾದ?" ಎಂದು ಡ್ರೈವರ್ ವಲಿ ಪಾಷಾ ಕನ್ನಡಿಯಲ್ಲಿ ನೋಡಿ ಕೇಳಿದ.

"ಬಿಸಲು, ಪಾಷಾಭಾಯಿ. ಬ್ಯಾರೆ ಏನಿಲ್ಲ."

ಬಿಸಿಲಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಮಲ ಕಪ್ಪಗೆ ಹೋಗತೊಡಗಿ ತಿಂಗಳುಗಳಾಗಿದ್ದವು. ಅವಳ ಅವ್ವನಿಗೂ ಹೀಗೇ ಶುರುವಾಗಿತ್ತು, ಸೋದರಮಾವನಿಗೂ ಹೀಗೇ. ಇಬ್ಬರೂ ಐವತ್ತು ಕಾಣಲಿಲ್ಲ. ತವರೂರು ದೇವದುರ್ಗದಲ್ಲಿ ಓಣಿಯ ಮಂದಿ, "ಆ ಮನಿಯವರಿಗಿ ಹೊಟ್ಟಿಬ್ಯಾನಿ ಬಿಟ್ಟದ್ದಲ್ಲ" ಎಂದು ಆಡಿಕೊಳ್ಳುತ್ತಿದ್ದರು. ಆಸ್ಪತ್ರೆಗೆ ಹೋದರೆ ಅದೇ ಮಾತು ಖಾತ್ರಿಯಾಗುತ್ತದೆಂದು ಹೆದರಿ ಕಲ್ಯಾಣಿ ಹೋಗಿರಲಿಲ್ಲ. ಕಡೆಗೊಂದು ದಿನ ಪೋತ್ನಾಳದಲ್ಲಿ ಬಸ್ಸಿನ ಮೆಟ್ಟಿಲಿಳಿಯುವಾಗ ಕಣ್ಣು ಕತ್ತಲೆಗಟ್ಟಿ ಬಿದ್ದಳು. ವಲಿ ಪಾಷಾನೇ ಅವಳನ್ನು ರಾಯಚೂರಿಗೆ ಕರೆತಂದು ಆಸ್ಪತ್ರೆಗೆ ಸೇರಿಸಿದ.

ಕರುಳಿಗೆ ಕ್ಯಾಮೆರಾ ಕೊಳವೆ ಹಾಕಿ ನೋಡಿ, ಚೂರು ತೆಗೆದು ಪರೀಕ್ಷೆ ಮಾಡಿಸಿದ ಡಾಕ್ಟರ್ ಅಂಬಿಕಾ, ದೊಡ್ಡ ಕರುಳಿನ ಬಲಗಡೆ ಕ್ಯಾನ್ಸರ್ ಗಡ್ಡೆ ಇದೆ ಎಂದರು. ಈ ಸರ್ಜನ್ ಕೂಡ ದೇವದುರ್ಗ ಸೀಮೆಯವರೇ, ಮಾತು ಮನೆಯವರ ಹಾಗೆ.

"ಯಾವಾಗ ಕೊಯ್ತೀರಿ?" ಎಂದಷ್ಟೇ ಕಲ್ಯಾಣಿ ಕೇಳಿದಳು.

"ನೀವು ಒಪ್ಪಿದ್ರ, ಈಗ್ಲೇ ಕೊಯ್ಯೂದಿಲ್ಲ," ಎಂದರು ಅಂಬಿಕಾ. "ನಮ್ಮ ಮೈಯಾಗ ಕಾವಲು ಕಾಯೋ ಕಣ ಇರ್ತಾವ. ಗಡ್ಡಿ ಅವುಗಳ ಕಣ್ಣಿಗಿ ಮಣ್ಣೆರಚಿ ಬೆಳೀತದ. ಆ ಕಾವಲುಗಾರರನ್ನ ಎಬ್ಬಸೋ ಔಷಧ ಅದ, ಇಮ್ಯುನೋಥೆರಪಿ ಅಂತಾರ. ಮೊದಲು ಅದನ್ನ ಕೊಟ್ಟು, ಆಮೇಲೆ ಸಣ್ಣ ತೂತು ಮಾಡಿ ಆಪರೇಷನ್ ಮಾಡಿದ್ರ ಹೆಂಗ ಅಂತ ಹೈದರಾಬಾದಿನಾಗ ಒಂದು ಸಂಶೋಧನೆ ನಡದದ. ನಾನೂ ಅದರಾಗ ಅದೀನಿ. ನಿಮ್ಮದು ಮನೆತನದಾಗ ಇಳಿದು ಬರೋ ಥರದ್ದು. ಇಂಥ ಗಡ್ಡಿಗಿ ಈ ಔಷಧ ಚೊಲೋ ಹಿಡಿತದ ಅಂತ ಕಂಡದ."

ಗಂಡ ಪಂಪಾಪತಿ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಫಿಟ್ಟರ್. ಕೆಟ್ಟ ಭಾಗ ಕಂಡರೆ ಮೊದಲು ಬಿಚ್ಚಿ ಎಸೆಯಬೇಕೆಂಬುದು ಅವನು ಕಲಿತ ವಿದ್ಯೆ. ಥಟ್ಟನೆ ಎದ್ದು ನಿಂತ. "ಗಡ್ಡಿ ಹೊಟ್ಯಾಗ ಇಟಗೊಂಡು ಕಾಯೂದಾ? ಪ್ರಯೋಗ ಮಾಡಾಕ ನಮ್ಮ ಮನಿ ಹೆಣಮಗಳೇ ಸಿಕ್ಕಳೇನ್ರಿ ನಿಮಗ?"

ಡಾಕ್ಟರು ಸಿಟ್ಟಾಗಲಿಲ್ಲ. "ಕೇಳಬೇಕಾದ ಮಾತೇ ಕೇಳೀರಿ. ಬ್ಯಾಡಂದ್ರ ಮುಂದಿನ ವಾರನೇ ಆಪರೇಷನ್ ಮಾಡ್ತೀನಿ, ಅದೂ ಒಳ್ಳೆ ದಾರಿನೇ. ಇದು ಹೊಸಾದು. ಎಷ್ಟು ಮಂದಿಗಿ ಗುಣ ಆಗ್ತದ, ಎಷ್ಟು ಮಂದಿಗಿ ತ್ರಾಸ ಆಗ್ತದ ಅಂತ ತಿಳಕೊಳ್ಳಾಕನ ಈ ಸಂಶೋಧನೆ."

ಮಕ್ಕಳಿಲ್ಲದ ಕಲ್ಯಾಣಿಯ ಕಿವಿ ಮಾತ್ರ ಒಂದೇ ಮಾತಿನಲ್ಲಿ ಸಿಕ್ಕಿಕೊಂಡಿತ್ತು. "ಮನೆತನದಾಗ ಇಳಿದು ಬರ್ತದ ಅಂದ್ರ, ನನ್ನ ತಮ್ಮಗೂ?"

"ಇರಬಹುದು. ಅವರೂ ಬಂದು ತೋರಸಬೇಕು."

ತಮ್ಮ ಸೂಗಪ್ಪ ದೇವದುರ್ಗದಲ್ಲಿ ಹೈಸ್ಕೂಲ್ ಮೇಷ್ಟ್ರು, ಪುಟ್ಟ ಮಗಳೊಬ್ಬಳ ತಂದೆ. ಅಕ್ಕ ಫೋನಿನಲ್ಲಿ ವಿಷಯ ಹೇಳಿದಾಗ ಅವನು, "ನೀ ಮೊದಲು ಆರಾಮಾಗಕ್ಕಾ, ನಂದು ಆಮ್ಯಾಲೆ ನೋಡೂಣು" ಎಂದು ಮಾತು ಮುಗಿಸಿದ. ಅವನು ಹೆದರಿದ್ದಾನೆಂದು ಅವಳಿಗೆ ತಿಳಿಯಿತು. ಅವ್ವನಿಗೆ ಎದೆಯ ಕೆಳಗಿನಿಂದ ಕಿಬ್ಬೊಟ್ಟೆಯವರೆಗೆ ಸೀಳಿ ಹೊಲಿದಿದ್ದರು. ಆ ಗಾಯ ಕೀವಾಗಿ, ಅವ್ವ ಹಾಸಿಗೆ ಬಿಟ್ಟು ಏಳಲೇ ಇಲ್ಲ. ಅದಕ್ಕೆ ಔಷಧ ಹಚ್ಚಿ ಬಟ್ಟೆ ಕಟ್ಟುತ್ತಿದ್ದವನು ಇನ್ನೂ ಶಾಲೆ ಕಲಿಯುತ್ತಿದ್ದ ಸೂಗಪ್ಪ. ತಾನು ಬೇರೆ ದಾರಿಯಿಂದ ಬದುಕಿ ತೋರಿಸಿದರೆ ಅವನಿಗೆ ಧೈರ್ಯ ಬಂದೀತು ಎನಿಸಿತು. ಗಂಡನ ಮಾತು ಮೀರಿ ಒಪ್ಪಿದಳು.

ಹೈದರಾಬಾದಿನಲ್ಲಿ ನೀರಿನಂಥ ಔಷಧವನ್ನು ರಕ್ತನಾಳಕ್ಕೆ ಹನಿಹನಿಯಾಗಿ ಇಳಿಸಿದರು. ಸಂಶೋಧನೆಯ ನರ್ಸ್ ಅನ್ನಮ್ಮ ಗದ್ವಾಲ ಕಡೆಯವಳು. ತೆಲುಗು ಬೆರೆಸಿದ ಕನ್ನಡದಲ್ಲಿ, "ಹೊಟ್ಟಿ ನೋವು, ಭೇದಿ, ಏನಾದರೂ ಸರೇ, ಸಣ್ಣದು ಅಂತ ಬಿಡಬ್ಯಾಡಮ್ಮಾ. ವೆಂಟನೇ, ಆ ಗಳಿಗೆಗೇ ಫೋನ್ ಮಾಡು" ಎಂದು ಕೈಹಿಡಿದು ಹೇಳಿ ಕಳಿಸಿದಳು.

ರಜೆ ಹಾಕಿ ಮನೆಯಲ್ಲಿ ಕೂತ ಕಲ್ಯಾಣಿಗೆ ಹೊಟ್ಟೆ ಎಂಬುದು ಬೇರೆಯವರ ಮನೆಯಂತಾಯಿತು. ಒಳಗೆ ಏನು ನಡೆದಿದೆಯೋ ಎಂದು ಸದಾ ಕಿವಿಗೊಟ್ಟು ಕೂರುವಳು. ಬಲಗಡೆ ಒತ್ತಿ ನೋಡುವಳು. ಗಡ್ಡೆ ಕರಗಿತೆನಿಸುವುದು, ಮರುಗಳಿಗೆಗೆ ಬೆಳೆದಿದೆಯೆನಿಸುವುದು. ಪಂಪಾಪತಿ ಕೆಲಸದಿಂದ ಬಂದವನೇ ಏನನ್ನೂ ಕೇಳದೆ ಅವಳ ಮುಖ ನೋಡುತ್ತಿದ್ದ. ಆ ನೋಟ ಅವಳಿಗೆ ಬೈಗುಳಕ್ಕಿಂತ ಭಾರವಾಗುತ್ತಿತ್ತು.

ಎರಡನೇ ಸಲ ಔಷಧ ಹಾಕಿಸಿಕೊಂಡು ಬಂದ ಮೇಲೆ ಭೇದಿ ಹತ್ತಿತು. ಮೊದಲು ನೀರು, ಆಮೇಲೆ ರಕ್ತ. ಕರುಳನ್ನು ಯಾರೋ ಒದ್ದೆ ಬಟ್ಟೆಯಂತೆ ಹಿಂಡಿದ ಹಾಗೆ ನೋವು. ಆದರೂ ಕಲ್ಯಾಣಿ ತುಟಿ ಬಿಚ್ಚಲಿಲ್ಲ. ಹೇಳಿದರೆ ಸಂಶೋಧನೆಯಿಂದ ತೆಗೆದುಹಾಕುತ್ತಾರೆ, ಗಂಡ 'ನಾ ಹೇಳಿರಲಿಲ್ಲೇನು' ಎನ್ನುತ್ತಾನೆ, ಅಕ್ಕನಿಗೆ ಔಷಧ ಹಿಡಿಯಲಿಲ್ಲವಂತೆ ಎಂದು ಸೂಗಪ್ಪ ಆಸ್ಪತ್ರೆಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಸೀರೆಯನ್ನು ತಾನೇ ತೊಳೆದುಕೊಂಡಳು, ಉಂಡೆನೆಂದು ಸುಳ್ಳು ಹೇಳಿದಳು.

ಅತ್ತೆ ಗೋಪಮ್ಮನಿಗೆ ಸಂಶಯ ಬಂತು. ಬಚ್ಚಲ ಬಾಗಿಲ ಮುಂದೆಯೇ ಕುಕ್ಕರಗಾಲಲ್ಲಿ ಕುಳಿತಳು. ಕಲ್ಯಾಣಿ ಗೋಡೆ ಹಿಡಿದು ಹೊರಬಂದಾಗ, "ಒಳಗ ಅಳೂದು ಕೇಳಸ್ತದ ಬೇ. ನನ್ನ ಕಿವಿ ಇನ್ನಾ ಕೆಟ್ಟಿಲ್ಲ" ಎಂದಳು.

"ಯವ್ವಾ, ಡಾಕ್ಟರಿಗಿ ಹೇಳಬ್ಯಾಡ. ಔಷಧ ನಿಲ್ಲಸ್ತಾರ."

"ನಿಲ್ಲಸಲಿ! ನೀನೇ ನಿಂತು ಹ್ವಾದ್ರ ಔಷಧ ಯಾರಿಗಿ ಹಾಕ್ತಾರ?" ಗೋಪಮ್ಮ ಸೊಸೆಯ ಮೊಬೈಲನ್ನು ಅವಳ ಕೈಗೇ ತುರುಕಿ, ಅನ್ನಮ್ಮನಿಗೆ ಫೋನು ಹಚ್ಚುವವರೆಗೂ ಅಲುಗಲಿಲ್ಲ. ಆ ಕಡೆಯಿಂದ ಅನ್ನಮ್ಮ ಪೂರ್ತಿ ಕೇಳಿಸಿಕೊಳ್ಳುವ ಮೊದಲೇ, "ಈಗಲೇ ಅಂಬಿಕಾ ಡಾಕ್ಟರ್ ಹತ್ರ ಹೋಗ್ರಿ" ಎಂದಳು.

ಡಾಕ್ಟರ್ ಅಂಬಿಕಾ ಮೊದಲ ಬಾರಿಗೆ ಅವಳ ಮೇಲೆ ರೇಗಿದರು. "ಕಾವಲುಗಾರರು ಎದ್ದಾರ, ಖರೆ. ಆದ್ರ ಕಳ್ಳನ ಜೋಡಿ ಮನಿಯವರನ್ನೂ ಬಡ್ಯಾಕತ್ತಾರ. ಇನ್ನೊಂದಿಷ್ಟು ತಡ ಮಾಡಿದ್ದರ ಕರಳು ತೂತು ಬೀಳ್ತಿತ್ತು. ಮುಚ್ಚಿಡೂದು ಧೈರ್ಯ ಅಂದ್ಕೊಂಡಿರೇನು?"

ಕಾವಲುಗಾರರ ಸಿಟ್ಟಿಳಿಸಲು ಸ್ಟಿರಾಯ್ಡ್ ಹಾಕಿದರು. ಭೇದಿ ನಿಧಾನಕ್ಕೆ ತಹಬಂದಿಗೆ ಬಂತು. ಹೈದರಾಬಾದಿನ ಔಷಧ ನಿಂತೇಹೋಯಿತು. ಮತ್ತೆ ಸ್ಕ್ಯಾನ್ ಮಾಡಿದಾಗ ಗಡ್ಡೆ ಇದ್ದಲ್ಲೇ ಇತ್ತು, ಒಂದಿಷ್ಟು ಸಣ್ಣದಾದಂತೆ ಕಂಡಿತಷ್ಟೇ. ಪಂಪಾಪತಿ 'ನಾ ಹೇಳಿರಲಿಲ್ಲೇನು' ಎನ್ನಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಗೋಡೆ ಕಡೆ ಮುಖ ಮಾಡಿ ಕುಳಿತ. ಅವನು ಬೈದಿದ್ದರೆ ಚೆನ್ನಿತ್ತೆಂದು ಕಲ್ಯಾಣಿಗೆ ಅನ್ನಿಸಿತು.

ಆಪರೇಷನ್ ದಿನ ಬೆಳಿಗ್ಗೆ ಅವಳು ಡಾಕ್ಟರರ ತೋಳು ಹಿಡಿದಳು. "ಉದ್ದಕ ಕೊಯ್ತೀರೇನ್ರಿ?"

"ತೂತು ಮಾಡಿ ಕ್ಯಾಮೆರಾ ಇಳಿಸಿ, ಅದರಾಗೇ ಮುಗಸಾಕ ನೋಡ್ತೀನಿ. ಒಳಗ ಅಂಟಿಕೊಂಡಿದ್ದರ ಕೊಯ್ಯಬೇಕಾಗ್ತದ. ಸುಳ್ಳು ಹೇಳೂದಿಲ್ಲ ನಿಮಗ."

ಎಚ್ಚರವಾದಾಗ ಕಣ್ಣು ಬಿಡುವ ಮೊದಲೇ ಅವಳ ಕೈ ಹೊಟ್ಟೆಯ ಮೇಲೆ ಹರಿಯಿತು. ಅಲ್ಲಲ್ಲಿ ಪುಟ್ಟ ಪಟ್ಟಿಗಳು, ಕರುಳಿನ ತುಂಡನ್ನು ಹೊರತೆಗೆದ ಹೊಕ್ಕುಳ ಹತ್ತಿರ ಒಂದಿಷ್ಟು ದೊಡ್ಡದು. ಅವ್ವನ ಆ ಸೀಳು ಇರಲಿಲ್ಲ. ಮರುದಿನವೇ ಗೋಪಮ್ಮನ ಹೆಗಲು ಹಿಡಿದು ವಾರ್ಡಿನಲ್ಲಿ ನಡೆದಳು.

ತೆಗೆದ ತುಂಡು ಪರೀಕ್ಷೆಗೆ ಹೈದರಾಬಾದಿಗೆ ಹೋಯಿತು. ಆ ಕಾಯುವಿಕೆ ಎಲ್ಲಕ್ಕಿಂತ ಕೆಟ್ಟದ್ದು. ನೋಡಲು ಬಂದ ಸೂಗಪ್ಪ ಮಂಚದ ಕಾಲ ಬಳಿಯೇ ನಿಂತ, ಕೂರಲಿಲ್ಲ. "ಅವ್ವನ ಹಂಗೇ ಕಾಣಸ್ತಿ," ಎಂದವನೇ, ಕ್ಲಾಸಿದೆಯೆಂದು ಹೊರಟುಹೋದ. ಅಂದು ಭಾನುವಾರ.

ಕೊನೆಗೆ ಡಾಕ್ಟರ್ ಅಂಬಿಕಾ ಫೋನ್ ಮಾಡಿ, "ಇಬ್ಬರೂ ಬರ್ರಿ, ಎದುರಿಗೇ ಮಾತಾಡೂಣು" ಎಂದರು. ಒಳ್ಳೆಯ ಸುದ್ದಿಯಾಗಿದ್ದರೆ ಫೋನಿನಲ್ಲೇ ಹೇಳುತ್ತಿದ್ದರಲ್ಲ ಎಂದು ಆಟೋದಲ್ಲಿ ಕಲ್ಯಾಣಿ ದಾರಿಯುದ್ದಕ್ಕೂ ಲೆಕ್ಕ ಹಾಕಿದಳು. ಪಂಪಾಪತಿ ಅವಳ ಕೈ ಹಿಡಿದುಕೊಂಡ. ಅವನ ಅಂಗೈ ಅವಳದಕ್ಕಿಂತ ಒದ್ದೆಯಾಗಿತ್ತು.

"ತುಂಡಿನಾಗ ಗಡ್ಡಿ ಇತ್ತು," ಎಂದರು ಡಾಕ್ಟರು. "ಆದ್ರ ಅದರಾಗ ಜೀವ ಇರೋ ಕ್ಯಾನ್ಸರ್ ಕಣ ಒಂದೂ ಸಿಗಲಿಲ್ಲ. ಸ್ಕ್ಯಾನಿನಾಗ ನಾವು ನೋಡಿದ್ದು ಬರೇ ಗಾಯ ಮಾಯ್ದ ಗುರುತು, ಸತ್ತ ಕಣ. ಕಾವಲುಗಾರರು ಕೆಲಸ ಮುಗಿಸಿದ್ದರು."

ಪಂಪಾಪತಿ ಕುರ್ಚಿ ಮುಂದಕ್ಕೆಳೆದುಕೊಂಡ. "ಅಂದ್ರ ಪೂರಾ ವಾಸಿ ಆತೇನ್ರಿ?"

"ಆ ಮಾತು ಇವತ್ತ ಹೇಳೂದಿಲ್ಲ. ವರ್ಷಾನುಗಟ್ಟಲೆ ನೋಡಬೇಕು. ಆದ್ರ ಇದಕ್ಕಿಂತ ಚೊಲೋ ಸುದ್ದಿ ಇವತ್ತ ನನ್ನ ಹತ್ರ ಇಲ್ಲ." ಪಂಪಾಪತಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ.

ಕಲ್ಯಾಣಿ ಅಳಲಿಲ್ಲ. ಪ್ರಯಾಣ ಮಾಡಬಹುದೆಂದು ಡಾಕ್ಟರು ಹೇಳಿದ ದಿನವೇ ದೇವದುರ್ಗದ ಬಸ್ಸು ಹತ್ತಿದಳು. ಸೂಗಪ್ಪ ಚಹಾಕ್ಕೆ ಎಸರಿಟ್ಟು ಬೆನ್ನು ತಿರುಗಿಸಿ ನಿಂತೇ ಇದ್ದ. "ಗೊತ್ತಾಗದೇ ಇರೂದು ಒಂದು ಸುಖ, ಅಕ್ಕಾ."

"ನಾನೂ ಹಂಗ ಅಂದ್ಕೊಂಡಿದ್ದೆ. ಪೋತ್ನಾಳದಾಗ ಮಂದಿ ಮುಂದ ಬಿದ್ದೆ." ಸೆರಗು ಸರಿಸಿ ಹೊಟ್ಟೆ ತೋರಿಸಿದಳು. "ಅವ್ವನ ಹೊಟ್ಟಿ ನಿನ್ನ ಕಣ್ಣಾಗ ಅದ ಅಲ್ಲ? ಇದನ್ನೂ ನೋಡು."

ಅವನು ತಿರುಗಿ ನೋಡಿದ. ಒಲೆಯ ಮೇಲೆ ನೀರು ಕುದಿದು ಅರ್ಧವಾಗುವವರೆಗೂ ನೋಡಿದ.

ರಕ್ತ ಪರೀಕ್ಷೆಯಲ್ಲಿ ಅವನಿಗೂ ಅದೇ ದೋಷ ಇಳಿದು ಬಂದಿರುವುದು ಗೊತ್ತಾಯಿತು. ಕೊಳವೆ ಇಳಿಸಿ ನೋಡುವ ದಿನ ಬಾಗಿಲ ಹೊರಗೆ ಬೆಂಚಿನ ಮೇಲೆ ಕುಳಿತ ಕಲ್ಯಾಣಿಗೆ ತನ್ನ ಸರದಿಯಲ್ಲೂ ಇರದಷ್ಟು ಹೆದರಿಕೆ. ಬಾಗಿಲು ಅಲುಗಿದಾಗಲೆಲ್ಲ ಎದ್ದು ನಿಲ್ಲುವಳು. ಅಂಬಿಕಾ ಹೊರಬಂದವರು ಅವಳ ಭುಜ ಒತ್ತಿ ಕೂರಿಸಿದರು. "ಎರಡು ಸಣ್ಣ ಗಂಟು ಇದ್ದವು, ಅಲ್ಲೇ ತಗದೀನಿ. ಕ್ಯಾನ್ಸರ್ ಇದ್ದಂಗ ಕಾಣಸೂದಿಲ್ಲ. ಆದರೂ ಪರೀಕ್ಷೆಗಿ ಕಳಸ್ತೀನಿ. ವರ್ಷಾ ವರ್ಷಾ ಬರಬೇಕು, ತಪ್ಪಸಂಗಿಲ್ಲ." ವಾರದೊಳಗೆ ಪರೀಕ್ಷೆಯ ಉತ್ತರವೂ ಅದನ್ನೇ ಹೇಳಿತು.

ಕೊಳವೆ ಹಾಕಿದ ದಿನ ಮಂಪರು ಇಳಿದ ಮೇಲೆ ಸೂಗಪ್ಪ ಅಕ್ಕನ ಕೈ ಹುಡುಕಿದ. "ಏನು ಸಿಕ್ತಂತ?"

"ಸಿಕ್ಕಿದ್ದು ತಗದಾರ."

ಅವನು ಸೂರು ನೋಡುತ್ತ ಕೇಳಿದ, "ನನ್ನ ಮಗಳಿಗೂ ತೋರಸಬೇಕೇನಕ್ಕ?"

ಕಲ್ಯಾಣಿ ಮುಖ ತೋರಿಸದೆ ಬಗ್ಗಿ ಬುತ್ತಿ ಬಿಚ್ಚಿದಳು. "ದೊಡ್ಡಾಕಿ ಆಗಲಿ, ಇಬ್ಬರೂ ಕೂಡಿ ಕರಕೊಂಡು ಬರೂಣು. ಈಗ ಏಳು, ಒಂದು ತುತ್ತು ಉಣ್ಣು."