ಶೇಖರನ ಟ್ರಂಪೆಟ್ಟಿನಲ್ಲಿ ನೀರು

ರಾಯಚೂರಿನಿಂದ ಮಾನ್ವಿಗೆ ಹೋಗುವ ರಸ್ತೆಯ ಬದಿಯಲ್ಲಿ ಕದ ಹಾಕಿಕೊಂಡ ಹತ್ತಿ ಜಿನ್ನಿಂಗ್ ಮಿಲ್ಲೊಂದಿದೆ. ಈಗಷ್ಟೇ ಬೆಳಕು ಹರಿಯುತ್ತಿದೆ. ಮಿಲ್ಲಿನ ಕಾವಲುಗಾರ ಆದೆಪ್ಪ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಗೋಡೆಯ ಮೊಳೆಗೆ ತೂಗುಹಾಕಿದ ಟ್ರಂಪೆಟ್ಟನ್ನು ಇಳಿಸಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಕೊಳವೆಯ ಕೆಳಗಿನ ಸಣ್ಣ ಕೀಲಿ ಒತ್ತುತ್ತಾರೆ. ಊದುವವರ ಉಸಿರು ಒಳಗೆ ತಣ್ಣಗಾಗಿ ನೀರಾಗುತ್ತದೆ. ಅದನ್ನು ಹೊರಬಿಡಲೆಂದೇ ಇರುವ ಕೀಲಿ ಅದು. ಬಾಯಿಡುವ ತುದಿಗೆ ಬಿಳಿ ಬಟ್ಟೆ ಸುತ್ತಿ ಗಂಟು ಹಾಕಿ ಹೆಚ್ಚುಕಡಿಮೆ ವರ್ಷವಾಗಿದೆ. ಆದರೂ ನೆಲದ ಮೇಲೆ ಹನಿ ಬೀಳುತ್ತದೆ. ತುಸು ತಡೆದು, ಮತ್ತೊಂದು.

“ಮಂಜು ಇರಬೇಕು ಅಂತಾರ್ರೀ ಮಂದಿ. ಈ ಬ್ಯಾಸಗ್ಯಾಗ ರಾಯಚೂರಾಗ ಎಲ್ಲಿ ಮಂಜು? ಬಾಯಿ ತೆರೆದ್ರ ನಾಲಿಗಿ ಒಣಗ್ತದ,” ಎನ್ನುತ್ತಾರೆ ಆದೆಪ್ಪ. ಪಕ್ಕದ ಮೊಳೆಯಲ್ಲಿ ಅವರದೇ ಟ್ರಂಬೋನ್ ಇದೆ. ಸಂಜೆ ಊದಿಟ್ಟದ್ದು ಬೆಳಗಾಗುವುದರೊಳಗೆ ಒಣಗಿರುತ್ತದೆ.

ಟ್ರಂಪೆಟ್ ಶೇಖರನದು. ದೇವದುರ್ಗ ತಾಲ್ಲೂಕಿನ ಗಬ್ಬೂರಿನ ಆದೆಪ್ಪ, ರಾಯಚೂರಿನ ಶೇಖರ ಇಬ್ಬರೂ ಮದುವೆ ಬ್ಯಾಂಡ್‌ಸೆಟ್ಟಿನ ಜೋಡಿ. ಮೆರವಣಿಗೆ ಯಾವುದೇ ಇರಲಿ, ಒಬ್ಬರ ಹೆಗಲಿಗೆ ಇನ್ನೊಬ್ಬರ ಹೆಗಲು ತಾಗುತ್ತಿತ್ತು. ಒಂದು ಮದುವೆಯಲ್ಲಿ ಇವರ ವಾದನ ಕೇಳಿದ ಮುಷರ್ರಫ್, ಮೊಬೈಲ್ ರಿಪೇರಿ ಅಂಗಡಿಯವ, ಗಿಟಾರಿನ ಹುಚ್ಚಿನವ, ಬೆನ್ನು ಬಿಡಲಿಲ್ಲ. ತಾನು ಸ್ಕಾ ಪಂಕ್ ತಂಡ ಕಟ್ಟುವುದಾಗಿಯೂ ಅದಕ್ಕೆ ಹಿತ್ತಾಳೆ ವಾದ್ಯದವರೇ ಬೇಕೆಂದೂ ಹೇಳಿದ. ತಾಳದ ಪೆಟ್ಟು ಬೀಳುವಲ್ಲಿ ಗಿಟಾರು ಸುಮ್ಮನಿರುತ್ತದೆ, ಎರಡು ಪೆಟ್ಟಿನ ನಡುವಿನ ಸಂದಿಯಲ್ಲಿ ಮಿಡಿಯುತ್ತದೆ. ಡ್ರಮ್ಮು ನಾಯಿ ಅಟ್ಟಿಸಿಕೊಂಡು ಬಂದಂತೆ ಓಡುತ್ತದೆ. ಸ್ಕಾ ಎಂಬ ಜಮೈಕಾದ ಈ ನಡೆಗೆ ಪಂಕ್ ರಾಕ್‌ನವರ ಸಿಟ್ಟು ಕೂಡಿದ್ದೇ ಸ್ಕಾ ಪಂಕ್. ಹೀಗೆ ಹುಟ್ಟಿತು ‘ಬಿಸಿಲ ಮಂದಿ’.

ದೇವದುರ್ಗದ ಬಯಲಿನಲ್ಲಿ ಮೊದಲ ಕಾರ್ಯಕ್ರಮ. ಬ್ಯಾಂಡು ಕೇಳಿ ಮದುವೆಯೆಂದೇ ಬಂದ ಮುದುಕಿಯೊಬ್ಬಳು ಮದುಮಗ ಎಲ್ಲಿ ಎಂದು ಕೇಳಿದಳಂತೆ. “ಹಿಂದ ಬರಾಕತ್ತಾನ ಬೇ ಯವ್ವಾ, ನೀ ಕುಣಿ,” ಅಂದನಂತೆ ಶೇಖರ. ಅವಳು ಕುಣಿದಳು. ‘ದೀಪ ನಮ್ಮದು, ಕತ್ತಲಿ ನಮ್ಮದು, ಸ್ವಿಚ್ಚು ಯಾರದು?’ ಎಂಬ ಹಾಡಿಗೆ ಊರೇ ಕುಣಿಯಿತು.

ಆದರೆ ಹೆಸರು ತಂದದ್ದು ಕೊನೆಯ ಬಸ್ಸಿನ ಹಾಡು, ‘ಕಡೀ ಬಸ್ಸು’. ತಾಲೀಮಿನಲ್ಲಿ ಶೇಖರ ಅರ್ಧ ಹೆಜ್ಜೆ ತಡವಾಗಿ ಊದುತ್ತಿದ್ದ. ಮೆರವಣಿಗೆಯ ಗದ್ದಲದಲ್ಲಿ ಟ್ರಂಬೋನ್ ಕೇಳಿಸಿದ ಮೇಲೆಯೇ ಟ್ರಂಪೆಟ್ ಎತ್ತುವುದು ಅವನ ರೂಢಿ. ಮುಷರ್ರಫ್ ತಿದ್ದಿ ತಿದ್ದಿ ಸೋತು ಕೊನೆಗೆ ಹಾಗೇ ಬಿಟ್ಟ. ಬಸ್ಸು ತಪ್ಪಲಿದ್ದವನು ಓಡಿಬಂದು ಹತ್ತಿದಂತೆ ಕೇಳುತ್ತಿತ್ತು. ಆ ತಪ್ಪೇ ಹಾಡಿನ ಜೀವವಾಯಿತು.

ಹೋದ ಬೇಸಿಗೆ. ಕವಿತಾಳದ ಕಾರ್ಯಕ್ರಮಕ್ಕೆ ಹೊರಟ ಬಸ್ಸಿನಲ್ಲಿ, ಟ್ರಂಪೆಟ್ ತೊಡೆಯ ಮೇಲಿರುವಾಗಲೇ, ಶೇಖರ ಆದೆಪ್ಪನ ಹೆಗಲಿಗೆ ಒರಗಿದ. ನಿದ್ದೆ ಹತ್ತಿತೆಂದು ಆದೆಪ್ಪ ಅಲುಗಾಡದೆ ಕುಳಿತರು. ಅವನ ಎದೆಬಡಿತ ನಿಂತಿತ್ತು. ಕಾರ್ಯಕ್ರಮ ನಡೆಯಲಿಲ್ಲ.

ಸತ್ತವನ ವಾದ್ಯವನ್ನು ವರ್ಷ ತುಂಬುವವರೆಗೆ ಯಾರೂ ಊದಬಾರದೆಂಬುದು ಆ ಬ್ಯಾಂಡ್‌ಸೆಟ್ಟಿನವರ ನೇಮ. ಅದನ್ನು ಕಾಯುವುದು ಜೋಡಿಯವನ ಕೆಲಸ. ಹಾಗೆ ಕಾಯುತ್ತಿದ್ದಾಗಲೇ ನೀರು ಕಂಡದ್ದು. ಆದೆಪ್ಪ ಹೆದರಿದರು, ದೇವರಿಗೆ ಕಾಯಿ ಒಡೆದರು. ದಿನ ಕಳೆದಂತೆ ಹೆದರಿಕೆ ಅಭ್ಯಾಸವಾಯಿತು. ಹನಿ ಬೀಳುವುದು ತುಸು ತಡವಾದರೆ ಜೀವ ಹಾರುತ್ತಿತ್ತು.

ಆ ಬೆಳಗಾಗಿ ಕೆಲವು ದಿನಕ್ಕೆ ವರ್ಷ ತುಂಬಿತು. ಮಾನ್ವಿಯಿಂದ ಕಾರ್ಯಕ್ರಮಕ್ಕೆ ಕರೆ ಬಂತು. ಟ್ರಂಪೆಟ್ ಇಲ್ಲದೆ ತಂಡವಿಲ್ಲ. ಈ ಸಲವೂ ಆಗದಿದ್ದರೆ ಮುಚ್ಚಿಬಿಡುವುದೆಂದ ಮುಷರ್ರಫ್. ತಂದೆಯಿಂದಲೇ ಕಲಿತ ಶೇಖರನ ಮಗಳು ವಿಶಾಖಾ, ಬಿ.ಇಡಿ. ಓದುವವಳು, ಮಿಲ್ಲಿಗೆ ಬಂದು ಟ್ರಂಪೆಟ್ಟಿಗೆ ಕೈ ಚಾಚಿದಳು. ಆದೆಪ್ಪ ಬೇರೆ ಟ್ರಂಪೆಟ್ ತರಿಸೋಣವೆಂದರು, ಮುಹೂರ್ತ ನೋಡೋಣವೆಂದರು. ಇನ್ನೊಂದು ಬಾಯಿ ತಾಗಿದರೆ ಒಳಗಿದ್ದವನು ಎದ್ದು ಹೋದಾನೆಂಬ ಅಂಜಿಕೆಯನ್ನು ಮಾತ್ರ ಬಾಯಿ ಬಿಟ್ಟು ಹೇಳಲಾಗಲಿಲ್ಲ.

“ಕಾಕಾ, ನೇಮ ಮುಗೀತು,” ಅಂದಳು ವಿಶಾಖಾ. “ಗ್ವಾಡಿಗೆ ಜೋತು ಬೀಳಾಕ ಅಪ್ಪ ಬ್ಯಾಂಡ್ ಸೇರಿದ್ದಿಲ್ಲ.”

ಬಟ್ಟೆಯ ಗಂಟನ್ನು ಆದೆಪ್ಪ ತಾವೇ ಬಿಚ್ಚಿದರು.

ತಾಲೀಮಿನಲ್ಲೆಲ್ಲ ವಿಶಾಖಾ ಗಡಿಯಾರದಂತೆ ಸರಿಯಾಗಿ ಊದಿದಳು. ಮಾನ್ವಿಯಲ್ಲಿ ‘ಕಡೀ ಬಸ್ಸು’ ಬಂದಾಗ ತುಟಿಗಿಟ್ಟವಳು ಊದಲಿಲ್ಲ. ಆದೆಪ್ಪನ ಟ್ರಂಬೋನ್ ಒಂಟಿಯಾಗಿ ನುಡಿಯಿತು. ಅರ್ಧ ಹೆಜ್ಜೆ ಕಳೆದು ಟ್ರಂಪೆಟ್ ಎದ್ದಿತು, ಶೇಖರ ಎತ್ತುತ್ತಿದ್ದಂತೆಯೇ. ವೇದಿಕೆಯಿಂದ ಕೆಳಗಿಳಿದವಳು, “ಯಾರೋ ‘ತಡಿ’ ಅಂದಂಗಾತು, ಕಾಕಾ,” ಅಂದಳು.

ಟ್ರಂಪೆಟ್ಟನ್ನು ಅವಳೇ ಹಳೆಯ ಮೊಳೆಗೆ ತೂಗುಹಾಕಿ ಮನೆಗೆ ಹೋದಳು. ಮರುದಿನ ಬೆಳಗ್ಗೆ ಆದೆಪ್ಪ ಕೀಲಿ ಒತ್ತಿದರು. ಹನಿ ಬಿತ್ತು. ತುಸು ತಡೆದು, ಮತ್ತೊಂದು.

“ಈಗ ಕೂಸು ಊದ್ಯಾಳ. ಇದು ಆಕಿ ಉಸಿರೋ, ಅವಂದೋ, ಹ್ಯಾಂಗ ಬ್ಯಾರೆ ಮಾಡ್ಲಿ?” ಎಂದು ನೆಲದ ಹಸಿಯನ್ನು ಬೆರಳಿಂದ ಮುಟ್ಟುತ್ತಾರೆ. “ಬ್ಯಾರೆ ಮಾಡೂದೂ ಬ್ಯಾಡ ಬಿಡ್ರಿ.”

ಇನ್ನೇನು ಆಸೆಯಿದೆ ಎಂದು ಕೇಳಿದರೆ, ಟ್ರಂಪೆಟ್ಟನ್ನು ಒರೆಸಿ ಮೊಳೆಗೆ ಹಾಕಿ, ಅದರ ಮುಖವನ್ನು ರಸ್ತೆಯ ಕಡೆ ತಿರುಗಿಸುತ್ತಾರೆ.

“ಕವಿತಾಳದಾಗ ಒಂದ್ ಸಲ ಬಾರಿಸ್ಬೇಕ್ರಿ. ಅಲ್ಲಿಗಂತ ಹೊಂಟವ ದಾರ್ಯಾಗ ಉಳದಾನ. ಮುಟ್ಟಿಸ್ಬೇಕು.”